ಮಂಗಳವಾರದ ಕೋಣೆಗೆ ಬೀಗ ಹಾಕಿಸಿದ ನನ್ನ ಸಹಿ

ಕೌಂಟಿ ಗ್ರಂಥಾಲಯದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮೂರಿನ ಗ್ರಂಥಾಲಯದಲ್ಲಿ ಮಂಗಳವಾರ ಸಂಜೆ ನಡೆಯುತ್ತಿದ್ದ ಕಪ್ಪು ಜನರ ಇತಿಹಾಸ ಮತ್ತು ಆರೋಗ್ಯದ ಕಾರ್ಯಕ್ರಮವನ್ನು ನೀವು ಕಳೆದ ನವೆಂಬರಿನಲ್ಲಿ, ಅಂದರೆ 2005ರಲ್ಲಿ, "ಸ್ಥಳೀಯರ ಮನವಿಯ ಮೇರೆಗೆ" ನಿಲ್ಲಿಸಿದಿರಿ. ಆ ಮನವಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಮೈಸೂರಿನಲ್ಲಿ ಓದಿ, ಆರು ವರ್ಷಗಳಿಂದ ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯುತ್ತಿರುವ ವೈದ್ಯೆ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮಗೆ ತಲುಪಿದೆ. ನಮ್ಮ ಕನ್ನಡ ಬಳಗದ ಪತ್ರಿಕೆಗೂ ಕೊಟ್ಟಿದ್ದೇನೆ, ನನ್ನ ನಾಚಿಕೆ ನನ್ನವರಿಗೂ ತಿಳಿಯಲಿ ಎಂದು.

ಕಾರ್ಯಕ್ರಮ ನಡೆಸುತ್ತಿದ್ದವರು ಫೋಲಾಶಾದೆ, ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ ಮಾಡುವ ನೈಜೀರಿಯಾದ ಹೆಂಗಸು. ಮೊದಲು ಓದು, ಆಮೇಲೆ ಬಿಪಿ ನೋಡುವುದು, ಮಾತು, ಚಹಾ. ನನ್ನ ಮಗಳು ಅಪೂರ್ವಾ ಎರಡು ವಾರ ಹೋಗಿದ್ದಳು. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಅಮೆರಿಕದ ಕಪ್ಪು ಮನುಷ್ಯನೊಬ್ಬ 1845ರಲ್ಲಿ ಈ ದೇಶಕ್ಕೆ ಬಂದನೆಂದೂ, ಅವನ ಮಾತು ಕೇಳಲು ಇಲ್ಲಿನ ಜನ ಕಿಕ್ಕಿರಿದು ಸೇರಿದರೆಂದೂ ಅವಳು ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. "ಇಟ್ ವಾಸ್ ಗ್ರ್ಯಾಂಡ್, ಮಮ್" ಎಂದಿದ್ದಳು.

ಆಮೇಲೊಂದು ಭಾನುವಾರ ಪಕ್ಕದ ಬೀದಿಯವರೊಬ್ಬರು ಮನವಿ ಹಿಡಿದು ಬಂದರು. ಗಲಾಟೆಯಂತೆ, ಪಾರ್ಕಿಂಗ್ ಸಿಗುವುದಿಲ್ಲವಂತೆ. ಮಗಳನ್ನು ಕರೆತರಲು ಹೋದ ನಾನು ಎರಡನ್ನೂ ಕಂಡಿರಲಿಲ್ಲ. "ನೀವು ಅವರ ಹಾಗಲ್ಲ ಬಿಡಿ, ಡಾಕ್ಟರ್" ಎಂದರು. ಆ ಮಾತು ನನಗೆ ಹಿತವಾಯಿತು. ಬರೆಯಲು ಕೈ ಬರುತ್ತಿಲ್ಲ, ಆದರೂ ನಿಜ. ಊಟಕ್ಕೆ ಬಂದಿದ್ದ ನಮ್ಮ ಸ್ನೇಹಿತ, ಸಾಫ್ಟ್‌ವೇರಿನ ಸತ್ಯಪ್ರಕಾಶ್, "ಹಾಕ್ಬಿಡಿ ಮೇಡಂ. ನಾವು ವರ್ಕ್ ಪರ್ಮಿಟ್ ಮೇಲೆ ಬಂದೋರು. ಜನ ನಮ್ಮನ್ನ ಅವ್ರ ಜೊತೆ ಸೇರಿಸ್ಬಾರ್ದು" ಎಂದ. ಹಾಕಿದೆ.

ನೀವಾದರೂ ವಿಚಾರಿಸಿದಿರಾ? ಬಸ್ಸಿನಲ್ಲಿ ಬರುವವರು ಯಾವ ಪಾರ್ಕಿಂಗ್ ಕಸಿದುಕೊಂಡರು? ಕಪ್ಪು ಜನರ ಇತಿಹಾಸದ ತಿಂಗಳೆಂದು ನೀವು ಆಚರಿಸುವ ಅಕ್ಟೋಬರ್ ಮುಗಿದ ಮೇಲೆ ಇತಿಹಾಸ ಬೇಡವೆನ್ನಿಸಿದ್ದು ಸರಿ, ರಕ್ತದೊತ್ತಡವೂ ಆ ಒಂದೇ ತಿಂಗಳು ಏರುತ್ತದೆಯೇ? ಯಾಕೆ ನಿಲ್ಲಿಸಿದಿರೆಂದು ಕೇಳಿದ ಫೋಲಾಶಾದೆಗೆ ಕಳಿಸಿದ ಉತ್ತರದಲ್ಲಿ "ವಲಸಿಗ ವೈದ್ಯರೊಬ್ಬರೂ ಆಕ್ಷೇಪಿಸಿದ್ದಾರೆ" ಎಂದು ಬರೆದಿರಿ. ಎಷ್ಟು ಅನುಕೂಲವಾಯಿತು ನಾನು ನಿಮಗೆ!

ಫೆಬ್ರವರಿಯಲ್ಲಿ ಬಾಬಾತುಂದೆ ಎಂಬ ಟ್ಯಾಕ್ಸಿ ಚಾಲಕರು ಪಾರ್ಶ್ವವಾಯು ಬಡಿದು ನಮ್ಮ ವಾರ್ಡಿಗೆ ಬಂದರು. ಬಲಗೈ ಬಿದ್ದಿತ್ತು, ಮಾತು ನಿಂತಿತ್ತು. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ದಿನವೂ ನೋಡಲು ಬರುತ್ತಿದ್ದ ಫೋಲಾಶಾದೆಯನ್ನು, ಮೊದಲೇ ಬಿಪಿ ಇತ್ತೇ ಎಂದು ಕೇಳಿದೆ.

"ಇತ್ತು ಡಾಕ್ಟರ್. ಲೈಬ್ರರಿಯಲ್ಲಿ ನಾನೇ ಹಿಡಿದದ್ದು. ಮಾತ್ರೆ ಶುರು ಮಾಡಿದ್ರು, ಪ್ರತಿ ವಾರ ತೋರಿಸ್ತಿದ್ರು. ರೂಮು ಮುಚ್ಚಿದ ಮೇಲೆ ಕೇಳೋರಿಲ್ಲ, ಮಾತ್ರೆ ಬಿಟ್ಬಿಟ್ರು."

ಕೋಣೆ ತೆರೆದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ವೈದ್ಯೆಯಾಗಿ ಹೇಳಲಾರೆ. ಆಗಿಯೇ ತೀರುತ್ತಿತ್ತು ಎಂದೂ ಹೇಳಲಾರೆ. ಮೂರು ದಿನ ತಡೆದು, ನಾಲ್ಕನೆಯ ದಿನ ಸಹಿಯ ವಿಷಯ ಬಾಯಿಬಿಟ್ಟೆ.

ಅವರು ರೋಗಿಯ ಹೊದಿಕೆ ಸರಿಪಡಿಸುತ್ತಿದ್ದರು. "ಗೊತ್ತು. ಮನವಿಯ ಪ್ರತಿ ಕೊಟ್ಟಿದ್ರು. ನಿಮ್ಮ ಹೆಸರು ಓದಿದ್ದೆ."

"ಗೊತ್ತಿದ್ದೂ ನನ್ನ ಜೊತೆ ಮಾತಾಡ್ತಿದ್ರಾ?"

"ಇವರಿಗೆ ಡಾಕ್ಟರ್ ನೀವೇ ತಾನೆ."

ಅಷ್ಟೇ ಹೇಳಿದರು. ಕ್ಷಮಿಸಿದ್ದೇನೆ ಎನ್ನಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ.

ಮಾನ್ಯರೇ, ನನ್ನ ಸಹಿಯನ್ನು ಹಿಂದಕ್ಕೆ ಪಡೆದಿದ್ದೇನೆ. ಏಪ್ರಿಲ್ ಮೊದಲ ಮಂಗಳವಾರ ಆ ಕೋಣೆ ತೆರೆಯಬೇಕು, ಮತ್ತೆ ಮುಚ್ಚುವುದಿಲ್ಲವೆಂದು ನೀವು ಬರೆದುಕೊಡಬೇಕು, ಫೋಲಾಶಾದೆಯ ಕ್ಷಮೆ ಕೇಳಬೇಕು. ಅವರು ಕರೆದರೆ ಬಿಪಿ ನೋಡಲು ನಾನೂ ಬರುತ್ತೇನೆ. ಕರೆಯದಿದ್ದರೆ ಯಾಕೆಂದು ಕೇಳುವುದಿಲ್ಲ.

ಇಂತಿ,
ಅವರ ಹಾಗಿರಲು ಇನ್ನೂ ಅರ್ಹಳಾಗದ
ಡಾ. ಜಯಶೀಲಾ ಚಂದ್ರಶೇಖರ
ಮಾರ್ಚ್ 2006