ಬಾಣಂತಿ ಕೋಣೆಯ ಕಂಪನ ಯಂತ್ರ

ಆಗಸ್ಟ್ 9, ಕಾಮಗೆರೆ. ರಾತ್ರಿ 2.40
ಮತ್ತೆ ಅದೇ ಸದ್ದು. ದೂರದಲ್ಲೆಲ್ಲೋ ಒರಳುಕಲ್ಲು ಉರುಳಿದ ಹಾಗೆ. ಸ್ವಲ್ಪ ತಡೆದು ಮಂಚ ನಡುಗಿತು. ಪಾಪು ಏಳಲಿಲ್ಲ. ಯಂತ್ರದ ಹಸಿರು ದೀಪ ಮಿನುಗಿತು — ದಾಖಲಾಯಿತು.
ಅವ್ವ ಸಂಜೆ ಸಾಂಬ್ರಾಣಿ ಹಿಡಿದು ಬಂದಾಗಲೂ ಗೊಣಗಿದಳು: “ಒಗೆ ನಿಂಗಾಕ್ಲಾ, ಈ ಡಬ್ಬುಕ್ಕಾಕ್ಲಾ?”
ಅಜ್ಜೀಪುರದ ಗಂಡನ ಮನೆಯಲ್ಲೇ ಬಿಟ್ಟು ಬಂದಿದ್ದರೆ ಅತ್ತೆ ಅದರ ಮೇಲೆ ರಾಗಿ ಮೂಟೆ ಇಡುತ್ತಿದ್ದರು. ಜಿಯಾಲಜಿ ಬಿ.ಎಸ್ಸಿ. ಓದಿದ್ದಕ್ಕೆ ಸಿಕ್ಕ ಒಂದೇ ಕೆಲಸ, ಈ ಯಂತ್ರ ಕಾಯುವುದು. ಹೆರಿಗೆಗೆ ತವರಿಗೆ ಬಂದೆ, ಅದನ್ನೂ ತಂದೆ. ದಾಖಲೆಯ ಮೆಮೊರಿ ಕಾರ್ಡ್ ತಪ್ಪದೆ ಕಳಿಸುತ್ತಿದ್ದೇನೆ. ಊರು ಬದಲಾದದ್ದನ್ನು ಮಾತ್ರ ಯಂತ್ರ ಕೊಟ್ಟ ಶಾಂತಮೂರ್ತಿ ಸರ್‌ಗೆ ಹೇಳಿಲ್ಲ. ಕೆಲಸ ಬೇರೆಯವರಿಗೆ ಕೊಟ್ಟುಬಿಟ್ಟರೆ?... ನಾಳೆ ಹೇಳೋಣ.

ನವೆಂಬರ್ 2, ಅಜ್ಜೀಪುರ
ನಾವೂ ಯಂತ್ರವೂ ವಾಪಸ್. ಅದೇ ಹಳೆಯ ಮೂಲೆ. ಸರ್‌ಗೆ ಇನ್ನು ಹೇಳಿ ಏನು? ಕಂಪನಕ್ಕೆ ಹೆದರಿ ಊರೆಲ್ಲ ಹಿತ್ತಲಲ್ಲಿ ಟಾರ್ಪಾಲ್ ಕಟ್ಟಿಕೊಂಡು ಮಲಗುತ್ತಿದೆ. ನಾವೂ.

ನವೆಂಬರ್ 20, ಸಂಜೆ
ಸರ್ ಫೋನ್. ಭಾರೀ ಖುಷಿ. ಇಷ್ಟು ತಿಂಗಳ ಕಂಪನಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ, ಒಂದೊಂದರ ಜಾಗ ತಿದ್ದಿದರಂತೆ. ಚುಕ್ಕೆಗಳೆಲ್ಲ ಒಂದೇ ಗೆರೆಗೆ ಬಂದವಂತೆ. ಆ ಗೆರೆಯೇ ಫಾಲ್ಟ್, ನೆಲದೊಳಗಿನ ಬಿರುಕು.
“ನಿಮ್ಮೂರಿಂದ ದೂರ ಕಣಮ್ಮ ಪವಿತ್ರ, ಕಾಡೊಳಗೆ. ಹತ್ತಿರದ್ದು ಅಂತ ಇದ್ದಿದ್ದು ನಿಮ್ಮ ಯಂತ್ರ ಒಂದೇ. ಅದರಿಂದ್ಲೇ ಗೊತ್ತಾಗಿದ್ದು. ನಾಳೆ ಬೆಳಿಗ್ಗೆ ಬಂದು ಊರವರಿಗೆ ಹೇಳ್ತೀನಿ, ಮನೆಯೊಳಗೆ ಮಲಗ್ಲಿ.”
“ಥ್ಯಾಂಕ್ಸ್ ಸರ್” ಅಂದೆ. ಥ್ಯಾಂಕ್ಸ್!
ಅಲೆ ಯಂತ್ರಕ್ಕೆ ತಡವಾಗಿ ಮುಟ್ಟಿದರೆ ಕಂಪನ ದೂರದ್ದು ಎಂದು ಲೆಕ್ಕ. ಸರ್ ಲೆಕ್ಕದಲ್ಲಿ ಯಂತ್ರ ಅಷ್ಟೂ ದಿನ ಅಜ್ಜೀಪುರದಲ್ಲೇ ಇತ್ತು. ತಡವಾಗಿ ಮುಟ್ಟಿದ್ದು ಅಜ್ಜೀಪುರವನ್ನಲ್ಲ... ಕಾಮಗೆರೆಯ ಬಾಣಂತಿ ಕೋಣೆಯನ್ನು.
ಅತ್ತೆಗೆ ಸಡಗರ. “ಸದ್ಯ! ಚಳೀಲಿ ಸೊಂಟ ಇಡ್ಕಂಡದೆ. ನಾಳಿಂದ ಒಳ್ಗೇ ಮನಿಕತೀನಿ. ಮೊಗೀನೂ ನನ್ ಪಕ್ಕಕ್ಕೇ ಆಕು.”
ಮನೆಯೊಳಗೆ ಅವರ ಜಾಗ ಹಳೆಯ ಮಣ್ಣುಗೋಡೆಯ ಬುಡ.
ಸರ್ ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಎರಡು ಸಲ.

ಅದೇ ರಾತ್ರಿ, 3.15
ಸದ್ದು, ಅಲುಗಾಟ — ಒಟ್ಟಿಗೇ. ನಡುವೆ ಉಸಿರೆಳೆಯುವಷ್ಟೂ ಬಿಡುವಿಲ್ಲ. ಇಲ್ಲೇ. ನಮ್ಮ ಕೆಳಗೇ.
ಮಣ್ಣುಗೋಡೆ ಒಂದು ಕಡೆ ಜರಿದಿದೆ. ಅತ್ತೆ ಟಾರ್ಪಾಲ್ ಕೆಳಗೆ ಹೊದಿಕೆಯೊಳಗಿಂದಲೇ, “ಸುಮ್ಕೆ ಮನಿಕೊಳೇ. ಸಾಯೇಬ್ರೇ ದೂರ ಅಂದವ್ರಲ್ಲ.”
ಕರೆಂಟ್ ಇಲ್ಲ. ಈಗ ಒತ್ತಿದರೆ ನೆಟ್‌ವರ್ಕೂ ಇಲ್ಲ.
ರೀ, ನಾಲ್ಕಕ್ಕೆ ಹಾಲಿನ ವ್ಯಾನ್ ತೆಗೆಯುತ್ತೀರಿ. ಮುಖ ನೋಡಿ ಹೇಳಲಾರೆ. ಈ ಪುಟ ಹರಿದು ಸ್ಟೀರಿಂಗಿಗೆ ಸಿಕ್ಕಿಸುತ್ತೇನೆ. ಹನೂರಿನಲ್ಲಿ ನೆಟ್‌ವರ್ಕ್ ಸಿಕ್ಕ ಕೂಡಲೇ ಸರ್‌ಗೆ ಫೋನ್ ಮಾಡಿ. ಯಂತ್ರ ಅಷ್ಟು ದಿನ ಕಾಮಗೆರೆಯಲ್ಲಿತ್ತು, ಅಷ್ಟು ಹೇಳಿ ಸಾಕು. ನನ್ನನ್ನು ಆಮೇಲೆ ಬೈಯಿರಿ. ಬೆಳಗಾಗುವುದರೊಳಗೆ ಮಾಡಿ, ದಮ್ಮಯ್ಯ — ಸರ್ ಇಲ್ಲಿಗೆ ಹೊರಡುವ ಮೊದಲು, ಅತ್ತೆ ಪಾಪುವಿನ ಹಾಸಿಗೆಯನ್ನು ಒಳಗೆ ಹಾಕುವ ಮೊದಲು.