ಯಾರಿಗೋ ತುಂಬಿದ ಉಡಿ

ಧಾರವಾಡ
೨೬ ಏಪ್ರಿಲ್ ೧೯೩೭

ಮುದ್ದು ಏಕನಾಥಾ,

ನಿನ್ನ ಅಜ್ಜಿ ಇಲ್ಲಿಂದಲೇ ನಿನ್ನ ತಲೆ ನೇವರಿಸಿ ಹರಸುತ್ತಾಳೆ. ಕೆಮ್ಮು ನಿಂತಿತೇ? ಖಾನಾವಳಿಯ ಊಟ ಮೈಗೆ ಹಿಡಿಯುತ್ತಿದೆಯೇ? ಪುಣೆಯ ಬಿಸಿಲಲ್ಲಿ ಟೊಪ್ಪಿಗೆಯಿಲ್ಲದೆ ತಿರುಗಬೇಡ. ನಿನ್ನ ಅಜ್ಜ ಆರಾಮಾಗಿದ್ದಾರೆ. ದಿನಾ ಸಂಜೆ ಕೆಲಗೇರಿ ಕೆರೆಯ ತನಕ ನಡೆದು ಬಂದು ಮೊಣಕಾಲು ನೋವೆಂದು ನನ್ನ ಮೇಲೆ ರೇಗುತ್ತಾರೆ, ಕೆರೆಯನ್ನು ಅಷ್ಟು ದೂರ ನಾನೇ ಇಟ್ಟ ಹಾಗೆ.

ಈಗ ನಿನ್ನ ಮದುವೆಯ ಮಾತು. 'ಅಜ್ಜಿ, ನೀ ನೋಡಿದ್ರ ನಾ ನೋಡಿಧಂಗ' ಎಂದು ಬರೆದು ಕೈತೊಳೆದುಕೊಂಡೆಯಲ್ಲ, ಆ ಅಜ್ಜಿಯ ಕಣ್ಣಿನ ಪ್ರತಾಪ ಕೇಳು. ಯಜ್ಞೇಶ್ವರ ಮಾಸ್ತರರ ಮಗಳು ಮಂದಾಕಿನಿಯನ್ನು ಹೋದ ವಾರ ಅವರ ಮನೆಯಲ್ಲೇ ನೋಡಿ ಬಂದಿದ್ದೆ. ಹುಡುಗಿ ಮನಸ್ಸಿಗೆ ಬಂದಳು. ಶುಕ್ರವಾರ ನಮ್ಮಲ್ಲಿ ಚೈತ್ರಗೌರಿಯ ಅರಿಷಿನ-ಕುಂಕುಮ. ಬಂದವರಿಗೆಲ್ಲ ನೆನೆಗಡಲೆ, ಪಾನಕ. ಮಂದಾಕಿನಿಯ ಉಡಿಗೆ ಮಾತ್ರ ಕುಬಸದ ಕಣ, ತೆಂಗಿನಕಾಯಿ ಎಂದು ಮಾತಾಗಿತ್ತು. ಹಾಗೆ ನಾಲ್ಕು ಜನರೆದುರು ಉಡಿ ತುಂಬಿದರೆ ಸಂಬಂಧ ಗಟ್ಟಿಯಾಯಿತೆಂದೇ ಲೆಕ್ಕ.

ಹುಡುಗಿಯ ತಾಯಿಯ ತಾಯಿ ಹುಬ್ಬಳ್ಳಿಯಿಂದ ಬಂದಿದ್ದಳು. ಹೊಸ್ತಿಲಲ್ಲಿ ಕಂಡ ಕೂಡಲೇ ಗುರುತು ಸಿಕ್ಕಿತು: ಚಿಕ್ಕಂದಿನಲ್ಲಿ ನನ್ನ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದ ಲಕ್ಷ್ಮೀಬಾಯಿ! ತಲೆ ಬೆಳ್ಳಗಾಗಿದೆ, ಬಾಯಲ್ಲಿ ಹಲ್ಲಿಲ್ಲ. ಆದರೂ ನಾನು ಆಕೆಯನ್ನು, ಆಕೆ ನನ್ನನ್ನು ಅರೆಗಳಿಗೆಯಲ್ಲಿ ಹಿಡಿದೆವು. ಅಪ್ಪಿಕೊಂಡು ಅತ್ತೆವು. ನನ್ನ ಕಣ್ಣಿನ ಬಗ್ಗೆ ನನಗೆ ಎಂಥ ಜಂಬ ಬಂತು ಅನ್ನುತ್ತೀ! ಅದೇ ಜಂಬದಲ್ಲಿ ಪಡಸಾಲೆಗೆ ಬಂದೆ. ಹುಡುಗಿಯರೆಲ್ಲ ಮಲ್ಲಿಗೆ ಮುಡಿದು ಸಾಲಾಗಿ ಕೂತಿದ್ದರು. ನೇರ ಹೋಗಿ ಉಡಿ ತುಂಬಿದೆ. ಲಕ್ಷ್ಮೀಬಾಯಿ ಓಡಿ ಬಂದು ನನ್ನ ಸೆರಗು ಜಗ್ಗಿದಳು. ಅದು ಮಂದಾಕಿನಿಯಲ್ಲ, ಲಕ್ಷ್ಮೀಬಾಯಿ ಜೊತೆಗೆ ಬಂದಿದ್ದ ಆಕೆಯ ಇನ್ನೊಬ್ಬ ಮೊಮ್ಮಗಳು! ಆ ಹುಡುಗಿಗೆ ಬೆಂಗೇರಿಯ ಮನೆತನದಲ್ಲಿ ಮದುವೆ ಆಗಲೇ ನಿಶ್ಚಯವಾಗಿದೆ.

ತುಂಬಿದ ಉಡಿ ಬರಿದು ಮಾಡುವ ಹಾಗಿಲ್ಲ. ಮಗಳನ್ನು ಬೇಡವೆಂದು ಎಲ್ಲರೆದುರು ತೋರಿಸಿಬಿಟ್ಟೆನೆಂದು ಮಂದಾಕಿನಿಯ ತಾಯಿಯ ಕಣ್ಣು ತುಂಬಿತು. ಆಗ ಮಂದಾಕಿನಿ ತಾನೇ ಎದ್ದು ಬಂದು ನನ್ನೆದುರು ಕೂತಳು. "ಅಜ್ಜಿ, ಮಂದಾಕಿನಿ ನಾನ್ರಿ. ನೀವೇನೂ ಮನಸಿಗೆ ಹಚ್ಚಿಕೋಬ್ಯಾಡ್ರಿ. ನಾನೂ ಈಗ ಬಾಗಲದಾಗ ನೀವಂತ ತಿಳಕೊಂಡು ಬಾಜೂ ಮನಿ ಅಜ್ಜಿಗೆ ನಮಸ್ಕಾರ ಮಾಡಿ ಬಂದೀನಿ. ನಮಗ ವಯಸ್ಸಾದವರೆಲ್ಲಾ ಒಂದ ಥರಾ ಕಾಣ್ತಾರ" ಅಂದಳು. ಮೊದಲು ಬಾಜೂ ಮನೆಯಾಕೆ ನಕ್ಕಳು, ಆಮೇಲೆ ಪಡಸಾಲೆಯೇ ನಕ್ಕಿತು. ಗೌರಿಯ ಮುಂದಿಟ್ಟಿದ್ದ ಕಣವನ್ನೇ ತಂದು ಮಂದಾಕಿನಿಯ ಉಡಿ ತುಂಬಿದೆ. ಖರೇ ಹೇಳುತ್ತೇನೆ, ಓರಗೆಯವರ ಮುಖವೇ ಓರಗೆಯವರಿಗೆ ನೆನಪು ಉಳಿಯುವುದು. ಆದರೆ ಈ ಹುಡುಗಿಯ ಮುಖವನ್ನು ನಾನಿನ್ನು ಸಾವಿರ ಜನರಲ್ಲಿಯೂ ಹುಡುಕಿಯೇನು. ಬಂಗಾರದಂಥ ಹುಡುಗಿ.

ಮಂಗಳವಾಗಲಿ, ನನ್ನಪ್ಪ. ಅಜ್ಜನೂ ಆಶೀರ್ವಾದ ಹೇಳಿದ್ದಾರೆ.

ನಿನ್ನ ಅಜ್ಜಿ,
ಅಂಬಾಬಾಯಿ

ತಾ.ಕ.: ಟಪಾಲಿಗೆ ಹೊತ್ತಾಯಿತೆಂದು ಅಜ್ಜ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಲಗೂ ಬರೆಯುತ್ತೇನೆ. ಹೊರಡುವ ಮುಂಚೆ ಮಂದಾಕಿನಿ ಅಡುಗೆಮನೆಗೆ ಬಂದು, ನೀನು ನೋಡಲು ಹೇಗಿದ್ದೀಯೆಂದು ಮೆಲ್ಲಗೆ ಕೇಳಿದಳು. ಗುಂಗುರು ಕೂದಲು, ದುಂಡು ಗಲ್ಲ, ಮುಂದಿನ ಎರಡು ಹಲ್ಲು ಬಿದ್ದಿವೆ ಎಂದು ಹೇಳುತ್ತ ಹೋದೆ. ಹುಡುಗಿ ಗಾಬರಿಯಾದಳು. ನಾನು ಹೇಳಿದ್ದು ನಿನ್ನ ಏಳು ವರ್ಷದ ಮುಖ. ಈಗಿನದು ಎಷ್ಟು ನೆನೆದರೂ ಕಣ್ಣಿಗೆ ಕಟ್ಟಲಿಲ್ಲ, ಏಕನಾಥಾ. ಸಾಕಿದವಳಿಗೆ ಇದಕ್ಕಿಂತ ಸಂಕಟ ಯಾವುದಿದೆ? ಸೆರಗಿನಿಂದ ಕಣ್ಣು ಒರೆಸಿಕೊಂಡಾಗ ಆಕೆ ನನ್ನ ಕೈ ಹಿಡಿದು ಒಂದು ಮಾತು ಹೇಳಿದಳು. ಆ ಮಾತಿಗಾದರೂ ರಜೆ ಹಾಕಿ ಬಾ. "ಲಗ್ನಕ್ಕ ಮೊದಲ ಒಮ್ಮೆ ಬಾ ಅಂತ ಬರೀರಿ ಅಜ್ಜಿ. ನಾವಿಬ್ರೂ ಕೂಡೇ ಅವರ ಮುಖ ನೋಡೂಣು."