ವೈಯಕ್ತಿಕ ಕಾರಣ

ಮನೆಯಿಂದ,
ಭಾನುವಾರ ಮಧ್ಯಾಹ್ನ, ಮಾರ್ಚ್ ೧೨

ನನ್ನ ಪುಟ್ಟಿಗೆ ಅಮ್ಮ ಮಾಡುವ ಆಶೀರ್ವಾದ.

ಹೇಗಿದ್ದೀಯ ಮಗಳೇ? ಹಲ್ಲು ಕೀಳಿಸಿದ ಜಾಗ ಮಾಯಿತೇ? ಉಪ್ಪುನೀರು ಬಿಸಿ ಮಾಡಿ ಮುಕ್ಕಳಿಸು ಎಂದರೆ ನೀನು ಕೇಳುವವಳಲ್ಲ, ಆದರೂ ಹೇಳುವುದು ನನ್ನ ಬಾಯಿಗೆ ಅಭ್ಯಾಸ. ಕಂಪ್ಯೂಟರ್ ನೋಡಿ ಕಣ್ಣು ಉರಿಯುತ್ತದೆ ಎಂದಿದ್ದೆಯಲ್ಲ, ವೈವಾ ಮುಗಿಯುವವರೆಗಾದರೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರು. ನಿನ್ನ ಅಪ್ಪನ ಮೊಣಕಾಲು ಹಾಗೇ ಇದೆ. ನೀನು ಸರಾಸರಿಯ ವಿಷಯ ಹೇಳಿಕೊಟ್ಟ ಮೇಲೆ ಅವರದು ಒಂದೇ ಮಾತು: "ಒಂದು ಕಾಲು ಪೂರಾ ನೋವು, ಇನ್ನೊಂದಕ್ಕೆ ಏನೂ ಇಲ್ಲ. ಸರಾಸರಿ ಹಾಕಿದ್ರೆ ನಾನು ಆರಾಮಾಗೇ ಇದೀನಿ." ಬಂದವರೆಲ್ಲ ನಗುತ್ತಾರೆ. ನಾವು ಕ್ಷೇಮ ಎಂದು ಮುಂದಕ್ಕೆ ಬರೆಯಬೇಕು, ಆದರೆ ಈ ಸಲ ಆ ಮಾತು ಬರೆಯಲು ಕೈ ಏಳುತ್ತಿಲ್ಲ.

ಇದನ್ನು ಫೋನಿನಲ್ಲೇ ಹೇಳೋಣವೆಂದು ಹೊರಟೆ. ಆದರೆ ನಾನು ಅಳುತ್ತೇನೆ, ನೀನು "ಅಮ್ಮಾ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀ. ಪತ್ರವನ್ನಾದರೆ ಮಧ್ಯದಲ್ಲಿ ಇಟ್ಟರೂ ಮತ್ತೆ ಎತ್ತಿಕೊಳ್ಳಬಹುದು. ಹೊಲಿಗೆಯಕ್ಕನ ವಿಷಯ ಇದು. ನಮ್ಮ ಲಾಂಡ್ರಿಯ ಮೂಲೆಯಲ್ಲಿ ಮೆಷಿನ್ ಹಾಕಿಕೊಂಡು ಆಸ್ಪತ್ರೆಯ ಹರಿದ ಚಾದರಗಳಿಗೆ ತೇಪೆ ಹಾಕುತ್ತಿದ್ದವಳು. ಅವಳು ನೀರಿಗೆ ಬಿದ್ದು ಹೋದ ಸುದ್ದಿ ಹೇಳಿದಾಗ ನೀನು "ಪಾಪ, ಗಂಡನ ಕಾಯಿಲೆ ನೋಡಿ ನೋಡಿ ಸಾಕಾಗಿರುತ್ತೆ" ಎಂದೆ. ನಾನೂ ಹಾಗೇ ಅಂದುಕೊಂಡಿದ್ದೆ. ಹಾಗಲ್ಲ.

ನೀನು ಅಧ್ಯಯನ ಮಾಡಲು ನಮ್ಮಲ್ಲಿಗೆ ಬಂದ ದಿನ ನನಗೆ ಎಷ್ಟು ಹೆಮ್ಮೆ ಇತ್ತು ಗೊತ್ತೇ. ಹಬೆಯಲ್ಲಿ ಬೆವರುತ್ತಿದ್ದ ಹೆಂಗಸರನ್ನೆಲ್ಲ ಕರೆದು, ಬೆಂಚಿನ ಮೇಲೆ ಕೂರಿಸಿ, ಮೊದಲು ಎಲ್ಲರ ಮನಸ್ಸಿನ ಭಾರವನ್ನು ಪ್ರಶ್ನೆ ಕೇಳಿ ಅಳೆದೆ. ನಿದ್ದೆ ಕೆಡುತ್ತದೆಯೇ, ಅಳು ಬರುತ್ತದೆಯೇ, ಯಾರೂ ಬೇಡವೆನಿಸುತ್ತದೆಯೇ. ಸೊನ್ನೆಯಿಂದ ನಾಲ್ಕರವರೆಗೆ ಗೀಟು, ಸೊನ್ನೆ ಎಂದರೆ ಭಾರವೇ ಇಲ್ಲ. ಆಮೇಲೆ ಚೀಟಿ ಎತ್ತಿಸಿ ಎರಡು ಗುಂಪು ಮಾಡಿದೆ. ಅರ್ಧ ಜನ ಪಾಳಿ ಮುಗಿದ ಮೇಲೆ ಚಾದರ ಮಡಿಸುವ ಕೋಣೆಯಲ್ಲಿ ಸುತ್ತ ಕೂತು ಮನಸ್ಸಿನದ್ದು ಮಾತಾಡಬೇಕು, ಉಳಿದರ್ಧ ಜನ ಸುಮ್ಮನೆ ಮನೆಗೆ ಹೋಗಬೇಕು. ಕೊನೆಗೆ ಎರಡೂ ಗುಂಪಿನವರನ್ನು ಮತ್ತೆ ಅಳೆದು, ಯಾರ ಭಾರ ಎಷ್ಟು ಇಳಿಯಿತು ಎಂದು ನೋಡುವುದು. ನಾನೂ ಚೀಟಿ ಎತ್ತುತ್ತೇನೆ ಎಂದರೆ, "ನೀನು ನನ್ನ ಅಮ್ಮ, ನಿನ್ನನ್ನ ಸೇರಿಸೋ ಹಾಗಿಲ್ಲ" ಎಂದೆ. ಬೇಜಾರಾಯಿತು. ಅಮ್ಮನಾದ ತಪ್ಪಿಗೆ ನನ್ನ ಮನಸ್ಸು ಅಳತೆಗೇ ಬರುವುದಿಲ್ಲವಲ್ಲ ಎಂದು ಹೊಲಿಗೆಯಕ್ಕನ ಮುಂದೆ ಹೇಳಿಕೊಂಡೆ. ಅವಳು ನಕ್ಕು, "ನಿಮ್ಮದು ತೂಗೋಕೆ ಆ ತಕ್ಕಡಿ ಸಾಲಲ್ಲ ಬಿಡಿ" ಎಂದಳು. ಅವಳು ಸಲೀಸಾಗಿ ನಗುವವಳಲ್ಲ.

ಅವಳಿಗೆ ಕೂರುವ ಚೀಟಿ ಬಂತು. ಮೊದಲ ದಿನವೇ ನೀನು "ಇಲ್ಲಿ ಹೇಳಿದ್ದು ಇಲ್ಲೇ ಇರಬೇಕು" ಎಂದೆ, ಎಲ್ಲರೂ ಆಯಿತು ಎಂದರು. ಅವರು ಸುಳ್ಳು ಹೇಳಲಿಲ್ಲ ಪುಟ್ಟಿ. ಆದರೆ ನಮ್ಮ ಲಾಂಡ್ರಿ ನಿನಗೆ ಗೊತ್ತಲ್ಲ. ದೊಡ್ಡ ಇಸ್ತ್ರಿ ಯಂತ್ರದ ಈ ತುದಿಯಲ್ಲಿ ಇಬ್ಬರು ಹಸಿ ಚಾದರ ಹಿಡಿದು ಒಳಗೆ ಬಿಡುತ್ತಾರೆ, ಆ ತುದಿಯಲ್ಲಿ ಇಬ್ಬರು ಬಿಸಿಬಿಸಿಯಾಗಿ ಎಳೆದುಕೊಳ್ಳುತ್ತಾರೆ. ಯಂತ್ರದ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕು. ಅಲ್ಲಿ ಗುಟ್ಟು ಎನ್ನುವುದು ಚಾದರದಷ್ಟು ಹೊತ್ತೂ ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ. ಹಗಲಿಡೀ ನಿಂತು ಸವೆಯುವ ಹೆಂಗಸರಿಗೆ ಮಾತೇ ವಿಶ್ರಾಂತಿ.

ಒಂದು ಸಂಜೆ ಹೊಲಿಗೆಯಕ್ಕ ಬಾಯಿ ಬಿಟ್ಟಳಂತೆ. ಹಾಸಿಗೆ ಹಿಡಿದ ಗಂಡನನ್ನು ತೊಳೆದು ಬಳಿದು ಮಲಗಿಸಿದ ಮೇಲೆ ಕೆಲವು ಸಲ, ಬೆಳಗಾದರೆ ಇವರು ಏಳದೇ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ಎಂದು. ನೀನು ಅವಳ ಕೈ ಹಿಡಿದುಕೊಂಡೆಯಂತೆ. "ಹೀಗೆ ಅನ್ನಿಸೋದು ಪಾಪ ಅಲ್ಲ" ಎಂದೆಯಂತೆ. ಒಳ್ಳೆಯ ಮಾತು. ಅದನ್ನು ಕೇಳಿದಾಗ ನಿನ್ನನ್ನು ಹೆತ್ತದ್ದು ಸಾರ್ಥಕ ಅನ್ನಿಸಿತು.

ಮಾರನೇ ದಿನ ಇಸ್ತ್ರಿ ಯಂತ್ರದ ಹತ್ತಿರ, ನಾವು ರೇಡಿಯೊ ಎಂದು ಕರೆಯುತ್ತೇವಲ್ಲ, ಅವಳು ಕೂಗಿದಳು: "ಏನಕ್ಕಾ, ಎದ್ರಾ ಎಜಮಾನ್ರು?" ಸುತ್ತಿನಲ್ಲಿ ಕೂತಿದ್ದವರು ಕಿಸಕ್ಕೆಂದರು. ಕೆಟ್ಟ ಹೆಂಗಸಲ್ಲ ಅವಳು. ತನ್ನ ಊಟದಲ್ಲಿ ಅರ್ಧ ಇನ್ನೊಬ್ಬರಿಗೆ ಹಾಕುವವಳು. ನಗಿಸಿದರೆ ದುಃಖ ಹಗುರವಾಗುತ್ತದೆ ಎಂದು ನಿಜವಾಗಿಯೂ ನಂಬಿದ್ದಳು. ಆದರೆ ಅದು ದಿನವೂ ಶುರುವಾಯಿತು. ಗೇಟಿನಲ್ಲಿ ಕಾರ್ಡು ಒತ್ತುವಾಗ, ಕೈ ತೊಳೆಯುವಾಗ, ಎದ್ರಾ, ಇವತ್ತೂ ಎದ್ರಾ? ಸುತ್ತಿನಲ್ಲಿ ಇಲ್ಲದವರು ಅದನ್ನು ಕಾಳಜಿ ಎಂದುಕೊಂಡು ತಾವೂ ಕೇಳತೊಡಗಿದರು. ನಾನೂ ಕೇಳಿದ್ದೇನೆ ಮಗಳೇ. ಅವಳು ತಲೆ ಎತ್ತದೆ, "ಹೂಂ, ಎದ್ದಿದಾರೆ" ಎಂದಳು. ದೇವರು ಕಾಪಾಡಲಿ ಎಂದು ಹೇಳಿ ಮುಂದೆ ಹೋದೆ.

ಅವಳು ಮೊದಲು ಸುತ್ತಿಗೆ ಬರುವುದನ್ನು ಬಿಟ್ಟಳು, ಆಮೇಲೆ ಕೆಲಸಕ್ಕೆ, ಆಮೇಲೆ ಎಲ್ಲದಕ್ಕೂ.

ಹೋದ ವಾರ ಅವಳ ಮನೆಗೆ ಹೋಗಿದ್ದೆ. ಒಂದೇ ಕೋಣೆ. ಕಿಟಕಿಯ ಪಕ್ಕ ಮಂಚ, ಮಂಚದ ಮೇಲೆ ಅವನು, ಅವನ ಹೊದಿಕೆಗೆ ಅವಳು ಹಾಕಿದ ತೇಪೆ, ನೂಲು ಕೂಡ ಕಾಣದಷ್ಟು ಸಣ್ಣ ಹೊಲಿಗೆ. ಅವನಿಗೆ ಇನ್ನೂ ತಿಳಿಸಿಲ್ಲ. ದಿನಗಳ ಲೆಕ್ಕ ತಪ್ಪಿದವನು, ಅವಳು ಕೆಲಸದಿಂದ ಬರುವುದು ತಡ ಎಂದುಕೊಂಡು ಬಾಗಿಲು ನೋಡುತ್ತಾನೆ. ನೋಡಿಕೊಳ್ಳುತ್ತಿರುವ ನಾದಿನಿ ನನ್ನನ್ನು ಹೊರಗೆ ಕರೆದು ಹೇಳಿದಳು: "ಕೊನೆಗೊನೆಗೆ ಬೆಳಿಗ್ಗೆ ಹೊರಡುವಾಗ ಅಣ್ಣನ ಮೂಗಿನ ಹತ್ರ ಕೈ ಇಟ್ಟು ಉಸಿರು ನೋಡೋಳು. ನೋಡಿ ಅಳೋಳು. 'ಇವತ್ತೂ ಎದ್ದಿದಾರೆ ಅಂತ ಅವರಿಗೆಲ್ಲ ಹೇಳ್ಬೇಕು' ಅನ್ನೋಳು. ಯಾರಿಗೆ ಅತ್ತಿಗೆ ಅಂದ್ರೆ ಹೇಳ್ತಿರಲಿಲ್ಲ." ಯಾರಿಗೆ ಎಂದು ನನಗೆ ಆಗಲೇ ಹೊಳೆದದ್ದು. ಮಾರನೇ ದಿನ ಆ ರೇಡಿಯೊ ಹೆಂಗಸನ್ನು ಹಿಡಿದು ಕೇಳಿದೆ. ಒಗೆದ ಬಟ್ಟೆಯ ಗಾಡಿಯ ಹಿಂದೆ ಕುಕ್ಕರಿಸಿ ಕೂತು ಎಲ್ಲ ಹೇಳಿದಳು. 

ಈಗ ನಿನ್ನ ವಿಷಯ. ನಮಗಾಗಿ ಸುಲಭ ಮಾಡಿ ಬರೆದುಕೊಟ್ಟ ವರದಿಯನ್ನು ಕನ್ನಡಕ ಹಾಕಿ ಎರಡು ಸಲ ಓದಿದೆ. ಕೂತವರ ಭಾರ ಇಳಿದಿದೆ, ಇದು ಬರೀ ಅದೃಷ್ಟದಿಂದ ಬಂದಿರುವ ಸಂಭವ ತೀರಾ ಕಡಿಮೆ ಎಂದಿದೆ. ಇರಬಹುದು. ಕೆಲವರಿಗೆ ನಿಜವಾಗಿಯೂ ಹಗುರವಾಗಿದೆ, ಅವರ ಮುಖ ನೋಡಿದ್ದೇನೆ. ಇನ್ನೊಬ್ಬಳು ಮಾತ್ರ, "ಅಕ್ಕನ ಗತಿ ನೋಡಿದ್ಮೇಲೆ ಎಲ್ಲದಕ್ಕೂ ಸೊನ್ನೆಗೇ ಗೀಟು ಹಾಕ್ಬಿಟ್ಟೆ, ಯಾರಿಗ್ ಬೇಕು" ಎಂದಳು. ಅಂಥವರು ಎಷ್ಟು ಜನ ಎಂದು ನನಗೆ ತಿಳಿಯದು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ. ಮೂವರು ವೈಯಕ್ತಿಕ ಕಾರಣಗಳಿಂದ ಮಧ್ಯದಲ್ಲಿ ಬಿಟ್ಟುಹೋದದ್ದರಿಂದ ಅವರನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು. ಎರಡನೇ ಅಳತೆ ಇಲ್ಲದವರನ್ನು ಬಿಡುವುದು ಕ್ರಮ ಎಂದು ನಿಮ್ಮ ಗೈಡ್ ಹೇಳಿದರಂತೆ. ಕ್ರಮ ನಿಮ್ಮದು, ನನಗೆ ಅದರಲ್ಲಿ ಬಾಯಿ ಹಾಕುವ ಯೋಗ್ಯತೆ ಇಲ್ಲ. ಆ ಮೂವರಲ್ಲಿ ಒಬ್ಬಳು ಹೆರಿಗೆಗೆ ತಾಯಿಯ ಮನೆಗೆ ಹೋದಳು, ಅದು ವೈಯಕ್ತಿಕವೇ. ಇನ್ನೊಬ್ಬಳು ನಾಳೆ ತನ್ನದೂ ಯಂತ್ರದ ಹತ್ತಿರ ಕೂಗುತ್ತಾರೆ ಎಂದು ಹೆದರಿ ಬಿಟ್ಟಳು. ಹೊಲಿಗೆಯಕ್ಕ ಹೋದದ್ದು ಆ ಸುತ್ತಿನ ಕಾರಣದಿಂದ. ಅವಳು ಸುತ್ತಿನಲ್ಲಿ ಕೂರದೇ ಇದ್ದಿದ್ದರೆ, ಮನೆಗೆ ಹೋಗುವ ಚೀಟಿ ಬಂದಿದ್ದರೆ, ಇವತ್ತು ಮೂಲೆಯಲ್ಲಿ ಮೆಷಿನ್ ತುಳಿಯುತ್ತಿದ್ದಳೋ ಏನೋ, ಅದು ದೇವರಿಗೇ ಗೊತ್ತು. ಆದರೆ ಅದು ವೈಯಕ್ತಿಕ ಕಾರಣ ಅಲ್ಲ. ಆ ಎರಡು ಶಬ್ದ ತೆಗೆದು ಆದದ್ದನ್ನು ಬರೆ.

ಅದರಿಂದ ಡಿಗ್ರಿ ತಡವಾಗುತ್ತದೆ, ಗೈಡ್ ಸಿಟ್ಟಾಗುತ್ತಾರೆ, ವರ್ಷಗಟ್ಟಲೆ ದುಡಿದದ್ದು ಪೆಟ್ಟು ತಿನ್ನುತ್ತದೆ. ಇದೆಲ್ಲ ನನಗೆ ಅರ್ಥವಾಗದೆ ಬರೆಯುತ್ತಿಲ್ಲ. ನೀನು ಬೇಕೆಂದು ಯಾರಿಗೂ ಕೇಡು ಮಾಡಿದವಳಲ್ಲ, ಅವಳನ್ನು ಕೊಂದವಳೂ ನೀನಲ್ಲ. ಹಾಗೆ ಯಾರಾದರೂ ಅಂದರೆ ಅವರ ಮುಖಕ್ಕೆ ನಾನು ಉತ್ತರ ಕೊಡುತ್ತೇನೆ. ದಿನವೂ ದೇವರ ಮುಂದೆ ಕೂತಾಗ ಅವಳ ಹೆಸರೂ ನಿನ್ನ ಹೆಸರೂ ಒಟ್ಟಿಗೇ ಬಾಯಿಗೆ ಬರುತ್ತವೆ. ಯಾವುದನ್ನು ಮೊದಲು ಹೇಳಲಿ ಎಂದು ತಡವರಿಸುತ್ತೇನೆ.

ಹೊತ್ತು ಹೊತ್ತಿಗೆ ಉಣ್ಣು. ನಿನ್ನ ಕೋಣೆಯ ಗೆಳತಿಗೆ ನನ್ನ ನೆನಪು ಹೇಳು. ಅಪ್ಪ ಕೇಳಿದ್ದಾರೆಂದು ತಿಳಿ. ಈ ವಿಷಯ ಅವರಿಗೆ ಹೇಳಿಲ್ಲ. ದೇವರು ನಿನಗೆ ಧೈರ್ಯ ಕೊಡಲಿ, ಬುದ್ಧಿಯನ್ನಂತೂ ಆಗಲೇ ಕೊಟ್ಟಿದ್ದಾನೆ.

ನಿನ್ನ,
ಅಮ್ಮ

ಮರೆಯುವ ಮುಂಚೆ. ಸೋಮವಾರ ಸಂಜೆ, ಲಾಂಡ್ರಿಯಿಂದ ಈಗ ಬಂದೆ. ಲಕೋಟೆ ಅಂಟಿಸದೇ ಇದ್ದದ್ದು ಒಳ್ಳೆಯದಾಯಿತು. ಮ್ಯಾನೇಜರ್ ಕರೆದಿದ್ದರು. ನಿನ್ನ ವರದಿ ಮೇಲಿನವರಿಗೆ ತುಂಬಾ ಹಿಡಿಸಿತಂತೆ. ಒಂದನೇ ತಾರೀಖಿನಿಂದ ಅವರ ಎಲ್ಲ ಲಾಂಡ್ರಿಗಳಲ್ಲೂ ಹೆಂಗಸರು ಹೀಗೆ ಸುತ್ತ ಕೂರಲೇಬೇಕಂತೆ, ಇಲ್ಲಿ ನಡೆಸುವವಳು ನಾನಂತೆ. ಆಗುವುದಿಲ್ಲ ಎಂದೆ. ಯಾಕೆ ಎಂದರು. ಹೊಲಿಗೆಯಕ್ಕ ಏನು ಹೇಳಿದ್ದಳು ಎಂದು ಹೇಳಲಿಲ್ಲ. ಒಳಗೆ ಹೇಳಿದ್ದು ಹೊರಗೆ ಬಂತು, ಅದರಿಂದಲೇ ಅವಳು ಹೋದಳು ಎಂದಷ್ಟೇ ಹೇಳಿದೆ. "ವರದಿಯಲ್ಲಿ ಹಾಗಿಲ್ವಲ್ಲಮ್ಮ" ಎಂದು ವೈಯಕ್ತಿಕ ಕಾರಣದ ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಶುಕ್ರವಾರ ನಿನಗೇ ಫೋನ್ ಮಾಡಿ ಕೇಳುತ್ತಾರಂತೆ, ಅಷ್ಟರೊಳಗೆ ತಲುಪಲಿ ಎಂದು ಈಗಲೇ ಡಬ್ಬಿಗೆ ಹಾಕಿ ಬರುತ್ತೇನೆ. ನಿನ್ನ ಅಮ್ಮ ಏನೋ ತಪ್ಪು ತಿಳಿದುಕೊಂಡಿದ್ದಾಳೆ ಎಂದು ನೀನು ಹೇಳಿದರೆ, ಅವರು ನಿನ್ನನ್ನೇ ನಂಬುತ್ತಾರೆ ಪುಟ್ಟಿ.